ಘಟಪ್ರಭೆಯ ಸೀಮೆಯ ದೇವತೆಗಳು ಮತ್ತು ಪ್ರಾಚೀನ ಲೋಕದ ದೇವತೆಗಳು

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲೂಕುಗಳ ಜನ ನಡೆದುಕೊಳ್ಳುವ ದೇವತೆಗಳನ್ನು ಗ್ರೀಸ್, ರೋಮ್, ಈಜಿಪ್ಟ್, ಮೆಸೊಪೊಟೇಮಿಯಾ ಮತ್ತು ಉತ್ತರ ಯುರೋಪಿನ ಹಳೆಯ ದೇವತೆಗಳ ಪಕ್ಕದಲ್ಲಿಟ್ಟು ನೋಡುವ ಲೇಖನವಿದು. ಮೂರೂ ತಾಲೂಕುಗಳು ಘಟಪ್ರಭಾ ನದಿಯ ಬಯಲಿಗೆ ಸೇರಿವೆ. ಸಹ್ಯಾದ್ರಿಯಲ್ಲಿ ಹುಟ್ಟುವ ಈ ನದಿಗೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಗೋಕಾಕದ ಹತ್ತಿರ ಅದು 52 ಮೀಟರ್ ಎತ್ತರದಿಂದ ಧುಮುಕಿ, ಈಚಿನವರೆಗೆ ಗೋಕಾಕ ತಾಲೂಕಿನ ಭಾಗವಾಗಿದ್ದ ಮೂಡಲಗಿ ಸೀಮೆಯನ್ನು ಹಾದು, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಪಡುವಣದ ಹುಕ್ಕೇರಿಗೆ ಸಹ್ಯಾದ್ರಿಯ ಮಳೆಯಲ್ಲಿ ಒಂದಿಷ್ಟು ಪಾಲು ಸಿಗುತ್ತದೆ. ಮೂಡಣಕ್ಕೆ ಸರಿದಂತೆ ಮೋಡಗಳು ಬರಿದಾಗುತ್ತ ಹೋಗುತ್ತವೆ. ಇಲ್ಲಿಯ ಹಬ್ಬಗಳಲ್ಲಿ ಮಳೆ, ಬಿತ್ತನೆ, ಬೆಳೆಗಳ ಮಾತೇ ಹೆಚ್ಚಾಗಿರುವುದಕ್ಕೆ ಇದೇ ಕಾರಣ.

ಹಿಂದೂ ದೇವತೆಗಳನ್ನು ಹೊರಗಿನವರೊಡನೆ ಹೋಲಿಸುವ ಬರಹಗಳಲ್ಲಿ ಸಾಮಾನ್ಯವಾಗಿ ಜೋಡಿಗಳ ಪಟ್ಟಿ ಇರುತ್ತದೆ: ಇಂದ್ರನಿಗೆ ಜ್ಯೂಸ್, ಯಮನಿಗೆ ಹೇಡಿಸ್, ಲಕ್ಷ್ಮಿಗೆ ಅಫ್ರೊಡೈಟಿ. ಪಟ್ಟಿ ತಪ್ಪಲ್ಲ, ಆದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ದೇವರ ಮುಖ, ಆಯುಧ, ವಾಹನಗಳನ್ನು ಹೊಂದಿಸುವುದಕ್ಕಿಂತ ಆ ದೇವರಿಗಾಗಿ ಜನ ಯಾವ ತಿಂಗಳಲ್ಲಿ, ಯಾವ ಕೆಲಸದ ನಡುವೆ, ಏನನ್ನು ಮಾಡುತ್ತಾರೆ ಎಂಬುದನ್ನು ಹೊಂದಿಸಿ ನೋಡಿದಾಗ ಹೋಲಿಕೆ ಗಟ್ಟಿಯಾಗುತ್ತದೆ. ಘಟಪ್ರಭೆಯ ಸೀಮೆ ಇದಕ್ಕೆ ಒಳ್ಳೆಯ ಸಾಕ್ಷಿ. ಪುರಾಣದ ದೊಡ್ಡ ದೇವರುಗಳಿಗಿಂತ ಇಲ್ಲಿಯ ಮಣ್ಣಿನ ದೇವರು, ಮರದ ದೇವಿಯರೇ ಪ್ರಾಚೀನ ಲೋಕಕ್ಕೆ ಹೆಚ್ಚು ಹತ್ತಿರದವರು.

ಹೋಲಿಕೆಯ ಹಾದಿ

ಈ ಹೋಲಿಕೆ ಹೊಸದಲ್ಲ. ಕ್ರಿ.ಪೂ. 300ರ ಸುಮಾರಿಗೆ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದ ಗ್ರೀಕ್ ರಾಯಭಾರಿ ಮೆಗಸ್ತನೀಸ್, ಭಾರತದ ಬೆಟ್ಟದವರು ಡಯೊನೈಸಸ್‌ನನ್ನೂ ಬಯಲಿನವರು ಹೆರಾಕ್ಲೀಸ್‌ನನ್ನೂ ಪೂಜಿಸುತ್ತಾರೆಂದು ಬರೆದ. ತಾನು ಕಂಡ ದೇವರಿಗೆ ತನ್ನೂರಿನ ಹೆಸರನ್ನೇ ಇಟ್ಟುಕೊಳ್ಳುವುದು ಆ ಕಾಲದ ಗ್ರೀಕರ ರೂಢಿಯಾಗಿತ್ತು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಇದು ತಿರುವುಮುರುವಾಯಿತು. ಹೀಲಿಯೊಡೋರಸ್ ಎಂಬ ಗ್ರೀಕ್ ರಾಯಭಾರಿ ಮಧ್ಯಪ್ರದೇಶದ ಬೆಸನಗರದಲ್ಲಿ ವಾಸುದೇವನಿಗೆ ಗರುಡಗಂಬ ನಿಲ್ಲಿಸಿ, ತನ್ನನ್ನು ಭಾಗವತನೆಂದು ಕರೆದುಕೊಂಡ.

ಹೊಸಗಾಲದಲ್ಲಿ ಈ ಚರ್ಚೆಗೆ ತಳಹದಿ ಹಾಕಿದವನು ಕಲಕತ್ತೆಯ ನ್ಯಾಯಾಧೀಶ ಸರ್ ವಿಲಿಯಂ ಜೋನ್ಸ್. ಗ್ರೀಸ್, ಇಟಲಿ ಮತ್ತು ಭಾರತದ ದೇವತೆಗಳನ್ನು ಕುರಿತ ಅವನ ಪ್ರಬಂಧ 1788ರಲ್ಲಿ ಅಚ್ಚಾಯಿತು. ರೋಮನರು ಬಾಗಿಲಿನ ದೇವರಾದ ಜೇನಸ್‌ನನ್ನು ಮೊದಲು ನೆನೆಯುತ್ತಿದ್ದರು. ಅದಕ್ಕೆ ಮೊದಲ ಪೂಜೆ ಪಡೆಯುವ ಗಣಪತಿಯೇ ಜೇನಸ್ ಎಂದು ಜೋನ್ಸ್ ಹೇಳಿದ. ಅನ್ನ, ಸಿರಿಗಳ ದೇವತೆ ಶ್ರೀಯನ್ನು ರೋಮನರ ಧಾನ್ಯದೇವತೆ ಸಿರೀಸ್‌ಗೆ ಹೊಂದಿಸಿದ. ಗಣಪತಿ–ಜೇನಸ್ ಜೋಡಿಯನ್ನು ಈಗ ಯಾರೂ ಒಪ್ಪುವುದಿಲ್ಲ. ಮೊದಲ ಪೂಜೆ ಎಂಬ ಒಂದೇ ನಂಟನ್ನು ನಂಬಿ ಕಟ್ಟಿದ ಹೋಲಿಕೆ ಅದು. ಮ್ಯಾಕ್ಸ್ ಮುಲ್ಲರ್ 1856ರಲ್ಲಿ ಭಾಷಾಶಾಸ್ತ್ರದ ಆಧಾರ ಹಿಡಿದು ವೇದದ ದ್ಯೌಸ್, ಗ್ರೀಕರ ಜ್ಯೂಸ್, ರೋಮನರ ಜುಪಿಟರ್ ಮೂವರೂ ಒಂದೇ ಮೂಲದ ಆಕಾಶದೇವರು ಎಂದು ವಾದಿಸಿದ. ಈ ಮಾತು ಇಂದಿಗೂ ನಿಂತಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಟರ್ಕಿಯ ಬೊಘಾಜ್‌ಕೊಯಿಯಲ್ಲಿ ಸಿಕ್ಕಿತು. ಕ್ರಿ.ಪೂ. 14ನೆಯ ಶತಮಾನದಲ್ಲಿ ಹಿಟ್ಟೈಟ್ ಮತ್ತು ಮಿತಾನ್ನಿ ಅರಸರು ಮಾಡಿಕೊಂಡ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರನ್ನು ಸಾಕ್ಷಿಗೆ ಕರೆದಿದ್ದಾರೆ.

ಆದರೆ ಈ ಮೂಲದ ವಂಶಾವಳಿ ನಮ್ಮ ಸೀಮೆಯ ಊರ ದೇವಿ ದ್ಯಾಮವ್ವನನ್ನಾಗಲಿ ಮಣ್ಣಿನ ದೇವರು ಜೋಕುಮಾರನನ್ನಾಗಲಿ ವಿವರಿಸುವುದಿಲ್ಲ. ಅವರು ವೇದದಿಂದ ಇಳಿದು ಬಂದವರಲ್ಲ. ಅವರ ಕಡೆಗೆ ಗಮನ ಹರಿಸಿದವರು ಈ ಜಿಲ್ಲೆಯವರೇ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿ, ‘ಹಾಲುಮತ ದರ್ಶನ’ದಲ್ಲಿ ಕುರುಬರ ದೇವರುಗಳನ್ನು ಹಿಡಿದು ಕನ್ನಡ ಸಂಸ್ಕೃತಿಯ ಬೇರು ಹುಡುಕಿದರು. ಗೋಕಾಕ ತಾಲೂಕಿನ ಬೆಟಗೇರಿಯ ಕೃಷ್ಣಶರ್ಮರು, ಅಂದರೆ ಆನಂದಕಂದರು, ಹಳ್ಳಿಯ ಹಾಡುಗಳಿಗೆ ಓದುಬರಹ ಬಲ್ಲವರ ನಡುವೆ ಗೌರವ ತಂದುಕೊಟ್ಟರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಜೋಕುಮಾರನನ್ನೇ ನಾಟಕದ ನಡುವೆ ನಿಲ್ಲಿಸಿದರು. ‘ಕನ್ನಡ ಜಾನಪದ ವಿಶ್ವಕೋಶ’ವನ್ನು ಸಂಪಾದಿಸಿದವರೂ ಅವರೇ. ಇಷ್ಟು ಕಡಿಮೆ ಅಂತರದ ಊರುಗಳಿಂದ ಇಂಥ ಮೂವರು ಬಂದದ್ದು ಈ ನೆಲದಲ್ಲಿ ಹಳೆಯ ಆಚರಣೆಗಳು ಎಷ್ಟು ದಟ್ಟವಾಗಿದ್ದವು ಎಂಬುದನ್ನು ಹೇಳುತ್ತದೆ.

ಮಳೆಯ ದೇವರು

ನೀರನ್ನು ತಡೆದು ಕುಳಿತ ವೃತ್ರನೆಂಬ ಸರ್ಪವನ್ನು ಇಂದ್ರ ವಜ್ರಾಯುಧದಿಂದ ಸೀಳುತ್ತಾನೆ, ನೀರು ಬಿಡುಗಡೆಯಾಗುತ್ತದೆ. ಇದೇ ಕತೆಯ ಬಳಗ ಬಹು ದೊಡ್ಡದು. ಜ್ಯೂಸ್ ಸಿಡಿಲಿನಿಂದ ಟೈಫೋನ್‌ನನ್ನು ಕೆಡವುತ್ತಾನೆ, ಉತ್ತರ ಯುರೋಪಿನ ಥಾರ್ ಲೋಕವನ್ನು ಸುತ್ತಿದ ಹಾವಿನೊಡನೆ ಕಾದುತ್ತಾನೆ, ಹಿಟ್ಟೈಟರ ಮಳೆದೇವರು ಇಲ್ಲುಯಂಕನೆಂಬ ಸರ್ಪವನ್ನು ಕೊಲ್ಲುತ್ತಾನೆ. ಬಾಬಿಲೋನಿನ ಮರ್ದೂಕ್ ತಿಯಾಮತಳನ್ನು ಸೀಳಿ ಆಕಾಶ, ಭೂಮಿಗಳನ್ನು ಮಾಡುತ್ತಾನೆ.

ಗೋಕಾಕದ ಜಲಪಾತ ಮಳೆಗಾಲದಲ್ಲಿ ಕೆಂಪು ನೀರಾಗಿ ಗುಡುಗುವುದನ್ನು ಕಂಡವರಿಗೆ ಈ ಕತೆ ಸುಲಭವಾಗಿ ನೆನಪಾಗುತ್ತದೆ. ಆದರೂ ಜಲಪಾತದ ದಂಡೆಯಲ್ಲಿರುವ ಹಳೆಯ ಕಲ್ಲಿನ ಗುಡಿ ಮಹಾಲಿಂಗೇಶ್ವರನದು. ಮಳೆ ಹೋದಾಗ ಈ ಸೀಮೆಯ ಜನ ಇಂದ್ರನ ಗುಡಿ ಹುಡುಕಿಕೊಂಡು ಹೋಗುವುದಿಲ್ಲ, ಗುರ್ಜಿ ಆಡಿಸುತ್ತಾರೆ. ರೊಟ್ಟಿ ಬೇಯಿಸುವ ಹಂಚನ್ನು ಮಗುಚಿ, ಅದರ ಮೇಲೆ ಸಗಣಿಯ ಗುರ್ಜಿಯನ್ನು ಕೂರಿಸಿ, ಗರಿಕೆ ಸಿಕ್ಕಿಸಿ, ಒಬ್ಬ ಹುಡುಗನ ತಲೆಯ ಮೇಲೆ ಹೊರಿಸುತ್ತಾರೆ. ಅವನು ಮನೆಮನೆಗೆ ಬಂದು ಅಂಗಳದಲ್ಲಿ ತಿರುಗುತ್ತಾನೆ. ಮನೆಯಾಕೆ ಕೊಡದ ನೀರನ್ನು ಅವನ ತಲೆಯ ಮೇಲೆ ಸುರಿದು, ಜೋಳವನ್ನೋ ಹಿಟ್ಟನ್ನೋ ನೀಡುತ್ತಾಳೆ. ಕೂಡಿದ ಕಾಳಿನಲ್ಲಿ ಅಡಿಗೆ ಮಾಡಿ ಎಲ್ಲರೂ ಉಣ್ಣುತ್ತಾರೆ.

ಬಲ್ಗೇರಿಯ, ಸರ್ಬಿಯ, ರೊಮೇನಿಯಾಗಳ ಹಳ್ಳಿಗಳಲ್ಲಿ ಬರ ಬಂದಾಗ ಇದರದೇ ತದ್ರೂಪ ನಡೆಯುತ್ತಿತ್ತು. ಅಲ್ಲಿ ಒಬ್ಬ ಹುಡುಗಿಗೆ ಹಸಿರು ಟೊಂಗೆ, ಎಲೆಗಳನ್ನು ಮೈತುಂಬ ಸುತ್ತಿ ಮನೆಮನೆಗೆ ಕುಣಿಸುತ್ತ ಕರೆದೊಯ್ಯುತ್ತಿದ್ದರು. ಮನೆಯವರು ಆಕೆಯ ಮೇಲೆ ನೀರು ಸುರಿದು ಹಿಟ್ಟು, ಕಾಳು ಕೊಡುತ್ತಿದ್ದರು. ಅವಳನ್ನು ಪೆಪೆರೂದಾ ಎಂದೂ ದೊದೊಲಾ ಎಂದೂ ಕರೆಯುತ್ತಿದ್ದರು. ಈ ಆಚರಣೆಯನ್ನು ಸ್ಲಾವ್ ಜನರ ಗುಡುಗಿನ ದೇವರು ಪೆರೂನ್‌ಗೆ ಹಲವು ವಿದ್ವಾಂಸರು ಸೇರಿಸುತ್ತಾರೆ. ಇಂದ್ರನಿಗೂ ಜ್ಯೂಸ್‌ಗೂ ಇರುವ ಹೋಲಿಕೆ ಗ್ರಂಥಗಳದು. ಗುರ್ಜಿಗೂ ದೊದೊಲಾಗೂ ಇರುವ ಹೋಲಿಕೆ ಅಂಗಳದ್ದು. ಮನೆಮನೆಗೆ ತಿರುಗುವವರು, ನೀರು ಸುರಿಯುವವರು, ಕೊಡುವ ಕಾಳು, ಕೊನೆಯ ಊಟ ಎಲ್ಲವೂ ಒಂದರಂತೆ ಒಂದಿವೆ. ನೀರಿಲ್ಲದ ಹೊತ್ತಿನಲ್ಲಿ ಇದ್ದ ನೀರನ್ನೇ ಸುರಿದು ಮುಗಿಲಿಗೆ ದಾರಿ ತೋರಿಸುವ ಧೈರ್ಯ ಎರಡೂ ಕಡೆಯ ರೈತರಿಗಿತ್ತು.

ಜೋಕುಮಾರ

ಮುಂಗಾರಿನ ತಿಂಗಳುಗಳಲ್ಲಿ ಉತ್ತರ ಕರ್ನಾಟಕದಲ್ಲಿ ಐದು ಸಲ ಮಣ್ಣಿನ ಪೂಜೆ ನಡೆಯುತ್ತದೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ, ಅದಾದ ಮೇಲೆ ಜೋಕುಮಾರ. ಐದೂ ದೇವರು ಹೊಲ, ಕೆರೆ, ಹೊಳೆದಂಡೆಯ ಮಣ್ಣಿನಿಂದ ಎದ್ದು ಮತ್ತೆ ಮಣ್ಣಿಗೇ ಹೋಗುವವರು. ಇವರಲ್ಲಿ ಪ್ರಾಚೀನ ಪುರಾಣಗಳ ಹೋಲಿಕೆಗೆ ಅತ್ಯಂತ ಮುಖ್ಯನಾದವನು ಕೊನೆಯವನು.

ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟುವ ಜೋಕುಮಾರನ ಆಯುಷ್ಯ ಏಳು ದಿನ. ಅಗಲ ಮುಖ, ಹುರಿ ಮೀಸೆ, ತೆರೆದ ಬಾಯಿ, ಮುಚ್ಚುಮರೆಯಿಲ್ಲದ ಗಂಡಸುತನ ಇವು ಅವನ ಗುರುತು. ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ ಅವನನ್ನು ಕೂರಿಸುತ್ತಾರೆ. ಅಂಬಿಗರು, ತಳವಾರರು, ಬಾರಿಕರು ಹೀಗೆ ಊರಿಂದೂರಿಗೆ ಬೇರೆಬೇರೆಯಾದ ಮನೆತನಗಳ ಹೆಂಗಸರು ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಹಾಕಿ, ಅವನ ಬಾಯಿಗೆ ಬೆಣ್ಣೆ ಸವರುತ್ತಾರೆ. ಹೊತ್ತವರು ಬೇವಿನ ಎಲೆಯೊಂದಿಗೆ ನುಚ್ಚನ್ನು ಕೊಡುತ್ತಾರೆ. ಅದನ್ನು ರೈತ ಅಂಬಲಿಯಲ್ಲಿ ಕಲಸಿ ಹೊಲದಲ್ಲಿ ಚರಗ ಚೆಲ್ಲಿದರೆ ಬೆಳೆಗೆ ಹುಳ ಬೀಳುವುದಿಲ್ಲ ಎಂಬ ನಂಬಿಕೆಯಿದೆ. ಮಕ್ಕಳಾಗದವರು ಅವನಿಗೆ ಬೇಡಿಕೊಳ್ಳುತ್ತಾರೆ. ಜನ ಹೇಳುವ ಕತೆಯ ಪ್ರಕಾರ ಅವನು ಏಳು ದಿನ ಊರಲ್ಲಿ ಮೆರೆದು, ಅಗಸರ ಹುಡುಗಿಯ ಮೇಲೆ ಕಣ್ಣು ಹಾಕಿ, ಆ ಮನೆಯವರ ಕೈಯಲ್ಲಿ ಸಾಯುತ್ತಾನೆ. ಹುಣ್ಣಿಮೆಯ ರಾತ್ರಿ ಅವನನ್ನು ಹಳ್ಳದ ದಂಡೆಗೆ ಒಯ್ದು ಅಗಸರ ಕಲ್ಲಿನ ಹತ್ತಿರ ಬಿಟ್ಟು ಬರುತ್ತಾರೆ. ಬಿಟ್ಟವರು ಹಿಂದಿರುಗಿ ನೋಡುವುದಿಲ್ಲ.

ಇನ್ನೊಂದು ಕತೆ ಗಣಪನಿಗೂ ಇವನಿಗೂ ಇರುವ ವ್ಯತ್ಯಾಸವನ್ನು ಹೇಳುತ್ತದೆ. ಗಣಪ ಭೂಮಿಗೆ ಬಂದು ಕಡುಬು, ಹೋಳಿಗೆ ಉಂಡು ಹೋಗಿ, ಲೋಕ ಸುಖವಾಗಿದೆ ಎಂದು ಶಿವನಿಗೆ ವರದಿ ಒಪ್ಪಿಸುತ್ತಾನೆ. ಜೋಕುಮಾರ ಬಡವರ ಓಣಿಗಳಲ್ಲಿ ತಿರುಗಿ, ನುಚ್ಚು ಅಂಬಲಿ ಕುಡಿದು, ಬಾಡಿದ ಪೈರು ಕಂಡು ಹೋಗಿ ನಿಜ ಹೇಳುತ್ತಾನೆ. ಆಮೇಲೆ ಮಳೆ ಬರುತ್ತದೆ. ಜಗತ್ತಿನ ಪುರಾಣಗಳಲ್ಲಿ ಮಳೆ ತಂದವರು ಹಲವರಿದ್ದಾರೆ. ಬಡವರ ಕಷ್ಟವನ್ನು ವರದಿ ಮಾಡಿ ಮಳೆ ತಂದ ದೇವರನ್ನು ಕಲ್ಪಿಸಿಕೊಂಡ ಹಿರಿಮೆ ಈ ನೆಲದ ಹೆಂಗಸರಿಗೆ ಸಲ್ಲಬೇಕು.

ಸುಮೇರಿಯಾದ ಕುರಿಗಾಹಿ ದೇವರು ದುಮುಜಿ, ಇನನ್ನಾ ದೇವಿಯ ಗಂಡ. ಅವನು ಪಾತಾಳಕ್ಕೆ ಹೋಗಬೇಕಾಗುತ್ತದೆ. ಅವನ ಅಕ್ಕತಂಗಿಯರಲ್ಲಿ ಒಬ್ಬಳಾದ ಗೆಷ್ಟಿನನ್ನಾ ವರ್ಷದ ಅರ್ಧ ಭಾಗ ಅವನ ಬದಲಿಗೆ ಅಲ್ಲಿರುತ್ತಾಳೆ. ಬಾಬಿಲೋನಿನಲ್ಲಿ ಅವನಿಗೆ ತಮ್ಮೂಜ್ ಎಂದು ಹೆಸರು. ಬೇಸಿಗೆಯ ಒಂದು ತಿಂಗಳು ಅವನ ಹೆಸರಿನದೇ. ಜೆರೂಸಲೇಮಿನ ಗುಡಿಯ ಬಾಗಿಲಲ್ಲಿ ಹೆಂಗಸರು ತಮ್ಮೂಜನಿಗಾಗಿ ಅಳುತ್ತಿದ್ದರೆಂದು ಬೈಬಲ್ಲಿನ ಎಜೆಕಿಯಲ್ ಗ್ರಂಥ ಹೇಳುತ್ತದೆ. ಗ್ರೀಕರಲ್ಲಿ ಅವನಿಗೆ ಸರಿಸಮನಾದವನು ಅಡೋನಿಸ್. ಹಂದಿಯ ಕೋರೆಗೆ ಸತ್ತ ಆ ತರುಣನಿಗಾಗಿ ಅಥೆನ್ಸಿನ ಹೆಂಗಸರು ಒಡೆದ ಮಡಕೆಗಳಲ್ಲಿ ಬೇಗ ಮೊಳೆಯುವ ಬೀಜ ಬಿತ್ತಿ ಮಾಳಿಗೆಯ ಮೇಲಿಡುತ್ತಿದ್ದರು. ಸಸಿ ಬಾಡಿದ ಮೇಲೆ ಗೊಂಬೆಯೊಂದಿಗೆ ನೀರಿಗೆ ಬಿಟ್ಟು ಶೋಕ ಮಾಡುತ್ತಿದ್ದರು. ಈಜಿಪ್ಟಿನಲ್ಲಿ ಓಸಿರಿಸ್‌ನ ಆಕಾರದ ಚೌಕಟ್ಟಿನಲ್ಲಿ ಮಣ್ಣು ತುಂಬಿ ಕಾಳು ಮೊಳೆಯಿಸುತ್ತಿದ್ದರು. ತುತಾಂಖಾಮನ್ ದೊರೆಯ ಸಮಾಧಿಯಲ್ಲಿ ಅಂಥದೊಂದು ಸಿಕ್ಕಿದೆ. ನಮ್ಮಲ್ಲಿ ನವರಾತ್ರಿಗೆ ಘಟ ಹಾಕಿ ಮಣ್ಣಿನಲ್ಲಿ ಕಾಳು ಮೊಳೆಯಿಸಿ ದಸರೆಯ ದಿನ ಆ ಸಸಿಗಳನ್ನು ಟೊಪ್ಪಿಗೆಗೋ ಕಿವಿಗೋ ಸಿಕ್ಕಿಸಿಕೊಳ್ಳುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಜೇಮ್ಸ್ ಫ್ರೇಜರ್ 1890ರಲ್ಲಿ ಪ್ರಕಟಿಸಿದ ‘ಗೋಲ್ಡನ್ ಬೌ’ ಗ್ರಂಥದಲ್ಲಿ ಇವರೆಲ್ಲರನ್ನೂ ಸತ್ತು ಹುಟ್ಟುವ ದೇವರು ಎಂಬ ಒಂದೇ ಗುಂಪಿಗೆ ಸೇರಿಸಿದ. ಮುಂದಿನ ವಿದ್ವಾಂಸರು, ವಿಶೇಷವಾಗಿ ಜೊನಾಥನ್ ಸ್ಮಿತ್, ಈ ಗುಂಪುಗಾರಿಕೆಯನ್ನು ಪ್ರಶ್ನಿಸಿದರು. ಅಡೋನಿಸ್ ಮತ್ತೆ ಹುಟ್ಟಿದ್ದಕ್ಕೆ ಹಳೆಯ ಆಧಾರ ಕಡಿಮೆ. ಓಸಿರಿಸ್ ಸತ್ತವರ ಲೋಕದಲ್ಲೇ ದೊರೆಯಾಗಿ ಉಳಿಯುತ್ತಾನೆ. ಜೋಕುಮಾರನ ವಿಷಯದಲ್ಲೂ ಇದೇ ಎಚ್ಚರ ಬೇಕು. ಅವನು ಎದ್ದು ಬಂದ ಕತೆಯನ್ನು ಹಾಡುವುದಿಲ್ಲ, ಮರುವರ್ಷ ಹೊಸದಾಗಿ ಹುಟ್ಟುತ್ತಾನೆ. ಅಡೋನಿಸ್‌ಗಾಗಿ ಪ್ರೇಯಸಿಯರಂತೆ ಅಳುವವರು ಹೆಂಗಸರು. ಜೋಕುಮಾರನನ್ನು ಕೊಂದದ್ದು ಊರೇ, ಅಳುವುದೂ ಊರೇ. ತಂಟೆಕೋರನಾಗಿ ಸಾಯಬೇಕಾದವನು, ಮಳೆ ತರುವವನಾಗಿ ಬೇಕಾದವನು ಎಂಬ ಈ ಎರಡು ಮುಖ ದುಮುಜಿಯಲ್ಲಾಗಲಿ ಅಡೋನಿಸ್‌ನಲ್ಲಾಗಲಿ ಇಲ್ಲ. ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಈ ಬಿರುಕನ್ನೇ ಹಿಡಿಯಿತು. ಅದರಲ್ಲಿ ಉಳುವ ಬಸಣ್ಣ ಜೋಕುಮಾರನ ಪಾಡನ್ನು ಪಡುತ್ತಾನೆ. ನೆಲ ಯಾರದು, ಫಲ ಯಾರದು ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ.

ಭೂಮಿ ಮತ್ತು ಊರ ದೇವಿ

ಶೀಗಿ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ರೈತ ಕುಟುಂಬಗಳು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ತೆನೆ ಕಟ್ಟುವ ಪೈರು ಹೊತ್ತ ಭೂಮಿ ಬಸುರಿ ಹೆಂಗಸು. ಅವಳ ಬಯಕೆ ತೀರಿಸಬೇಕು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನಗಳನ್ನು ಪೂಜಿಸಿ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ರೋಮನರು ಇದೇ ಭಾವನೆಯಿಂದ ಏಪ್ರಿಲ್ 15ರಂದು ಫೊರ್ಡಿಸಿಡಿಯಾ ಎಂಬ ಹಬ್ಬ ಮಾಡುತ್ತಿದ್ದರು. ಬೆಳೆ ಹೊತ್ತ ಭೂಮಿತಾಯಿ ಟೆಲ್ಲಸ್‌ಗೆ ಗಬ್ಬದ ಹಸುವನ್ನು ಬಲಿ ಕೊಡುತ್ತಿದ್ದರು. ಭೂಮಿ ಬಸುರಿ ಎಂಬ ತಿಳಿವಳಿಕೆ ಎರಡು ಕಡೆಯೂ ಒಂದೇ. ಅವರು ಬಸುರಿಗೆ ಬಸುರಿಯ ಬಲಿಯನ್ನು ಕೊಟ್ಟರು, ನಮ್ಮ ತಾಯಂದಿರು ಅವಳಿಗೆ ಊಟ ಬಡಿಸಿದರು. ಈ ವ್ಯತ್ಯಾಸ ಸಣ್ಣದಲ್ಲ.

ಊರ ದೇವಿಯನ್ನು ಈ ಭಾಗದಲ್ಲಿ ದ್ಯಾಮವ್ವ, ದುರ್ಗವ್ವ, ಲಕ್ಷ್ಮೀದೇವಿ ಎಂದು ಕರೆಯುತ್ತಾರೆ. ಗೋಕಾಕದ ಗ್ರಾಮದೇವತೆ ಮಹಾಲಕ್ಷ್ಮಿಯ ಜಾತ್ರೆ 5 ವರ್ಷಕ್ಕೊಮ್ಮೆ ನಡೆಯುವ ಸಂಪ್ರದಾಯವಿದೆ. ಇಂಥ ದೇವಿಯರ ಮೂರ್ತಿ ಸಾಮಾನ್ಯವಾಗಿ ಮರದ್ದು. ಜಾತ್ರೆಗೆ ಮೊದಲು ಮೂರ್ತಿಯನ್ನು ಗದ್ದುಗೆಯಿಂದ ಇಳಿಸಿ ಬಣ್ಣಕ್ಕೆ ಕೂರಿಸುತ್ತಾರೆ. ಬಡಿಗೇರರು, ಚಿತ್ರಗಾರರು ಹಳೆಯ ಬಣ್ಣ ತೆಗೆದು ಹೊಸದು ಹಚ್ಚಿ ಕೊನೆಗೆ ಕಣ್ಣು ಬರೆಯುತ್ತಾರೆ. ಮರಕ್ಕೆ ಬಣ್ಣ ಹಾಕುವ ಕೈಗಳಿಗೆ ಗೋಕಾಕದಲ್ಲಿ ಕೊರತೆಯಿಲ್ಲ. ಅಲ್ಲಿಯ ಮರದ ಗೊಂಬೆಗಳು ನಾಡಿಗೆಲ್ಲ ಗೊತ್ತು. ಅಥೆನ್ಸಿನಲ್ಲೂ ಊರ ದೇವಿ ಅಥೀನಾಳ ಅತಿ ಹಳೆಯ ಮೂರ್ತಿ ಅಮೃತಶಿಲೆಯದಲ್ಲ, ಮರದ್ದು. ಪ್ಲಿಂತೀರಿಯಾ ಎಂಬ ಹಬ್ಬದಲ್ಲಿ ಅದರ ಉಡುಗೆ ಕಳಚಿ, ಮುಸುಕು ಹಾಕಿ ತೊಳೆಯುತ್ತಿದ್ದರು. ಆ ದಿನವನ್ನು ಅಶುಭವೆಂದು ಎಣಿಸಿ ಯಾವ ಕೆಲಸವನ್ನೂ ಹೂಡುತ್ತಿರಲಿಲ್ಲ. ಪನಥೀನಿಯಾ ಹಬ್ಬದಲ್ಲಿ ಊರ ಹೆಣ್ಣುಮಕ್ಕಳು ನೇಯ್ದ ಹೊಸ ಬಟ್ಟೆಯನ್ನು ಆ ಮರದ ದೇವಿಗೆ ಉಡಿಸುತ್ತಿದ್ದರು. ಸೀರೆ, ಖಣ, ತೆಂಗಿನಕಾಯಿ ಇಟ್ಟು ದ್ಯಾಮವ್ವನ ಉಡಿ ತುಂಬುವ ನಮ್ಮ ಹೆಂಗಸರು ಅದನ್ನು ಕಂಡಿದ್ದರೆ ಯಾವ ವಿವರಣೆಯೂ ಬೇಕಾಗುತ್ತಿರಲಿಲ್ಲ.

ಜಾತ್ರೆಗೆ ಮುಂಚೆ ಊರಿನಲ್ಲಿ ವಾರ ಹಿಡಿಯುತ್ತಾರೆ. ಆ ದಿನಗಳಲ್ಲಿ ಎತ್ತು ಹೂಡುವುದಿಲ್ಲ, ಹಂಚು ಒಲೆಯ ಮೇಲಿಡುವುದಿಲ್ಲ. ದೇವಿ ಹೊರಬಿದ್ದ ಮೇಲೆ ಭಂಡಾರ ತೂರಿ ಹೊನ್ನಾಟ ಆಡುತ್ತಾರೆ; ಕೊನೆಗೆ ಅವಳನ್ನು ಊರ ಗಡಿಗೆ ಒಯ್ಯುತ್ತಾರೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಬರೆದ ‘ಜರ್ಮೇನಿಯಾ’ದಲ್ಲಿ ನೆರ್ಥುಸ್ ಎಂಬ ಭೂದೇವಿಯ ವಿವರವಿದೆ. ಹಸುಗಳು ಎಳೆಯುವ ಬಂಡಿಯಲ್ಲಿ ಅವಳು ಜನರ ನಡುವೆ ಬರುತ್ತಾಳೆ. ಅವಳಿದ್ದಷ್ಟು ದಿನ ಯುದ್ಧವಿಲ್ಲ, ಕಬ್ಬಿಣದ ಆಯುಧವನ್ನೆಲ್ಲ ಮುಚ್ಚಿಡುತ್ತಾರೆ. ಕೊನೆಗೆ ಬಂಡಿಯನ್ನೂ ದೇವಿಯನ್ನೂ ಕೆರೆಯಲ್ಲಿ ತೊಳೆಯುತ್ತಾರೆ. ದೇವಿ ಊರಲ್ಲಿ ಓಡಾಡುವ ಹೊತ್ತಿನಲ್ಲಿ ಮನುಷ್ಯರ ಕೆಲಸ ನಿಲ್ಲಬೇಕು ಎಂಬ ನಿಯಮದಲ್ಲಿ ದ್ಯಾಮವ್ವನೂ ನೆರ್ಥುಸಳೂ ಅಕ್ಕತಂಗಿಯರು.

ಸಿಂಹವಾಹನದ ಮಾತು ಬೇರೆ. ಮೆಸೊಪೊಟೇಮಿಯಾದ ಇಷ್ಟಾರ್ ಸಿಂಹದೊಂದಿಗೆ ನಿಲ್ಲುತ್ತಾಳೆ, ಅನತೋಲಿಯದ ಕಿಬೆಲೆಯ ರಥಕ್ಕೆ ಸಿಂಹಗಳನ್ನು ಹೂಡಿರುತ್ತಾರೆ. ಮೆಸೊಪೊಟೇಮಿಯಾ ಮೂಲದ ನನಾ ದೇವಿ ಕುಷಾಣರ ನಾಣ್ಯಗಳ ಮೇಲೆ ಬಂದಿದ್ದಾಳೆ, ಕೆಲವು ಕಡೆ ಸಿಂಹದ ಮೇಲೆ ಕುಳಿತೇ ಬಂದಿದ್ದಾಳೆ. ದುರ್ಗೆಯ ಸಿಂಹಕ್ಕೆ ಈ ದಾರಿಯ ನೆರಳು ಬಿದ್ದಿರಬಹುದು ಎಂಬ ವಾದಕ್ಕೆ ಬಲವಿದೆ. ಇಲ್ಲಿ ನಾಣ್ಯದಂಥ ವಸ್ತುವೇ ಸಾಕ್ಷಿ ನುಡಿಯುತ್ತದೆ. ದ್ಯಾಮವ್ವನ ಕತೆ ಮಾತ್ರ ಹೊರಗಿನದಲ್ಲ. ಜಾತಿ ಮುಚ್ಚಿಟ್ಟು ತನ್ನನ್ನು ಮದುವೆಯಾದವನ ಮೇಲೆ ಮುನಿದ ಹೆಣ್ಣು ದೇವಿಯಾಗುತ್ತಾಳೆ, ಅವನು ಕೋಣವಾಗುತ್ತಾನೆ. ಜಾತಿಯ ಗಾಯ ಹೊತ್ತ ಈ ಕತೆಗೆ ಗ್ರೀಸಿನಲ್ಲಾಗಲಿ ಬಾಬಿಲೋನಿನಲ್ಲಾಗಲಿ ಜೋಡಿ ಇಲ್ಲ. ಈ ಕತೆಯ ನೆನಪಿಗೆ ಜಾತ್ರೆಯಲ್ಲಿ ಕೊಡುತ್ತಿದ್ದ ಕೋಣದ ಬಲಿಯನ್ನು ರಾಜ್ಯದ 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ತಡೆದಿದೆ.

ಎಲ್ಲಮ್ಮನ ಕೊಡ

ಸವದತ್ತಿ ತಾಲೂಕಿನ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಈ ಮೂರೂ ತಾಲೂಕುಗಳಿಂದ ಬಂಡಿ, ಟ್ರ್ಯಾಕ್ಟರುಗಳ ಸಾಲು ಹೊರಡುತ್ತದೆ. ಎಲ್ಲಮ್ಮನಾದ ರೇಣುಕೆ ದಿನವೂ ಮರಳಿನ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ಹೊಳೆಯಿಂದ ನೀರು ತರುತ್ತಿದ್ದಳು. ಗಂಧರ್ವನ ಜಲಕ್ರೀಡೆ ಕಂಡು ಮನಸ್ಸು ಚಂಚಲವಾದ ದಿನ ಕೊಡ ನಿಲ್ಲಲಿಲ್ಲ. ರೋಮಿನಲ್ಲಿ ಟುಚ್ಚಿಯಾ ಎಂಬ ವೆಸ್ಟಾ ದೇವಿಯ ಕನ್ಯೆಯ ಮೇಲೆ ಅಪವಾದ ಬಂದಾಗ, ಅವಳು ಜರಡಿಯಲ್ಲಿ ಟೈಬರ್ ನದಿಯ ನೀರು ತುಂಬಿ ಒಂದು ಹನಿಯೂ ಸೋರದಂತೆ ಗುಡಿಗೆ ಹೊತ್ತು ತಂದಳಂತೆ. ಹೆಣ್ಣಿನ ಶೀಲಕ್ಕೆ ನೀರನ್ನು ಸಾಕ್ಷಿಯಾಗಿ ಕೇಳಿದ ಸಮಾಜಗಳು ಇವೆರಡು. ನಿಲ್ಲದ ಪಾತ್ರೆಯಲ್ಲಿ ನೀರು ನಿಲ್ಲಿಸೆಂದು ಹೆಣ್ಣಿಗೆ ಹೇಳುವುದು ಎರಡೂ ಕಡೆ ಅನ್ಯಾಯವೇ.

ಕೊಡ ನಿಲ್ಲದ್ದಕ್ಕೆ ಮುನಿದ ಗಂಡ ಜಮದಗ್ನಿಯ ಆಜ್ಞೆಗೆ ಮಗ ಪರಶುರಾಮ ತಾಯಿಯ ತಲೆ ಕಡಿಯುತ್ತಾನೆ. ಗ್ರೀಕರ ಒರೆಸ್ಟೀಸ್ ತಂದೆಯ ಸಾವಿನ ಸೇಡಿಗೆ ತಾಯಿ ಕ್ಲಿಟೆಮ್ನೆಸ್ಟ್ರಾಳನ್ನು ಕೊಲ್ಲುತ್ತಾನೆ. ಇಬ್ಬರಿಗೂ ತಂದೆಯ ಪಕ್ಷವೇ ಮೇಲಾಯಿತು. ಮುಂದಿನ ದಾರಿ ಬೇರೆ. ಒರೆಸ್ಟೀಸ್‌ನನ್ನು ಎರಿನಿಗಳೆಂಬ ಸೇಡಿನ ದೇವತೆಗಳು ಅಟ್ಟಾಡಿಸುತ್ತವೆ. ಅಥೆನ್ಸಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡುತ್ತದೆ. ಪರಶುರಾಮ ವರ ಬೇಡಿ ತಾಯಿಯನ್ನು ಬದುಕಿಸಿಕೊಳ್ಳುತ್ತಾನೆ. ಗ್ರೀಕರಿಗೆ ಈ ಪ್ರಸಂಗ ಮಗನ ಅಪರಾಧದ ವಿಚಾರಣೆಯಾಗಿ ಉಳಿಯಿತು. ನಮ್ಮ ಜನ ಮಗನನ್ನು ಹಿಂದಕ್ಕೆ ಸರಿಸಿ, ಕಡಿಸಿಕೊಂಡ ತಾಯಿಯನ್ನು ಗುಡ್ಡದ ಮೇಲೆ ಕೂರಿಸಿ ಉಧೋ ಎಂದರು. ಕ್ಲಿಟೆಮ್ನೆಸ್ಟ್ರಾಳಿಗೆ ಇಂಥ ಜಾತ್ರೆ ಎಂದೂ ಕೂಡಲಿಲ್ಲ.

ಹಾವು, ಕೋತಿ, ಪಾರಿಜಾತ

ಪಂಚಮಿಗೆ ಹುತ್ತಕ್ಕೆ ಹಾಲೆರೆದು ಉಂಡಿ ಕಟ್ಟುವ ಹಬ್ಬಕ್ಕೂ ಜೋಡಿಗಳಿವೆ. ಅಥೆನ್ಸಿನ ಕೋಟೆಯಲ್ಲಿ ದೊಡ್ಡ ಸರ್ಪವೊಂದು ಕಾವಲಿದೆಯೆಂದು ನಂಬಿ ತಿಂಗಳಿಗೊಮ್ಮೆ ಜೇನಿನ ಕಜ್ಜಾಯ ಇಡುತ್ತಿದ್ದರೆಂದು ಹೆರೊಡೋಟಸ್ ಬರೆಯುತ್ತಾನೆ. ಲಿಥುವೇನಿಯಾದ ರೈತರು ಮನೆಯ ಹಾವಿಗೆ ಹಾಲಿಡುತ್ತಿದ್ದರು. ಹೆಣೆದುಕೊಂಡ ಎರಡು ಹಾವುಗಳ ನಮ್ಮ ನಾಗರಕಲ್ಲಿನ ಚಿತ್ರವೇ ಸುಮೇರಿಯಾದ ಗುಡೆಯ ದೊರೆಯ ಕ್ರಿ.ಪೂ. 2100ರ ಸುಮಾರಿನ ಪಾತ್ರೆಯ ಮೇಲೂ ಇದೆ. ನಮ್ಮ ನಾಗರಕಲ್ಲುಗಳು ಬಹಳ ಈಚಿನವು, ನಡುವೆ ಯಾವ ಕೊಂಡಿಯೂ ಕಾಣುವುದಿಲ್ಲ. ಹೆಣೆದ ಹಾವುಗಳನ್ನು ಎರಡು ನಾಡುಗಳವರೂ ಹೊಲದಲ್ಲಿ ಕಣ್ಣಾರೆ ಕಂಡಿದ್ದರು ಎಂಬುದಷ್ಟೇ ಸಾಕಾದ ವಿವರಣೆ.

ಮೂಡಲಗಿ ತಾಲೂಕಿನ ಕಲ್ಲೋಳಿಯ ಹನುಮಪ್ಪನಿಗೆ ಶನಿವಾರ ದೂರದೂರದಿಂದ ಜನ ಬರುತ್ತಾರೆ. ಹಣ್ಣೆಂದು ಸೂರ್ಯನಿಗೆ ಹಾರಿ, ಇಂದ್ರನ ವಜ್ರದ ಏಟು ತಿಂದು ಬಿದ್ದ ಹನುಮನನ್ನು ಹೊರಗಿನವರು ಸೂರ್ಯನ ಹತ್ತಿರ ಹಾರಿ ಬಿದ್ದ ಗ್ರೀಕರ ಇಕಾರಸ್‌ಗೆ ಹೋಲಿಸುವುದುಂಟು. ಇಕಾರಸ್‌ಗಿಂತ ಹತ್ತಿರದವನು ಫೇಥಾನ್. ತಂದೆ ಸೂರ್ಯನ ರಥ ಹತ್ತಿ ದಾರಿ ತಪ್ಪಿದ ಅವನನ್ನು ಜ್ಯೂಸ್ ಸಿಡಿಲಿನಿಂದ ಹೊಡೆದು ಕೆಡಹುತ್ತಾನೆ. ಫೇಥಾನ್ ಸತ್ತ. ಹನುಮನ ತಂದೆ ವಾಯು ಮುನಿದು ಉಸಿರು ನಿಲ್ಲಿಸಿದ್ದರಿಂದ ದೇವತೆಗಳೇ ಸೋತು ಮಗುವಿಗೆ ವರ ಕೊಟ್ಟರು. ಇನ್ನೊಂದು ಹೋಲಿಕೆ ಹುಟ್ಟಿನದು: ವೀರಭದ್ರ ಶಿವನ ಜಡೆಯಿಂದ ಆಯುಧ ಹಿಡಿದೇ ಎದ್ದಂತೆ, ಅಥೀನಾ ಜ್ಯೂಸ್‌ನ ತಲೆಯಿಂದ ಕವಚ ತೊಟ್ಟೇ ಹೊರಬಂದಳು. ಇಲ್ಲಿ ಹುಟ್ಟು ಮಾತ್ರ ಹೋಲುತ್ತದೆ, ಕೆಲಸ ಹೋಲುವುದಿಲ್ಲ.

ಕುಲಗೋಡ ತಮ್ಮಣ್ಣ ರಂಗಕ್ಕೆ ಹದಗೊಳಿಸಿದ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಬೆಳಗಿಸಿದ ‘ಶ್ರೀಕೃಷ್ಣ ಪಾರಿಜಾತ’ ಈ ಸೀಮೆಯದೇ ಆಟ. ನಾರದ ತಂದ ಪಾರಿಜಾತದ ಹೂ ರುಕ್ಮಿಣಿಯ ಪಾಲಾಗಿ ಸತ್ಯಭಾಮೆ ಮುನಿಯುತ್ತಾಳೆ. ಗ್ರೀಕರಲ್ಲಿ ಕಲಹದೇವತೆ ಎರಿಸ್ ಮದುವೆಯ ಮನೆಯಲ್ಲಿ ಎಸೆದ ಚಿನ್ನದ ಸೇಬು ಹೀರಾ, ಅಥೀನಾ, ಅಫ್ರೊಡೈಟಿಯರ ನಡುವೆ ಜಗಳ ಹಚ್ಚಿತು. ದೇವಲೋಕದ ಒಂದು ವಸ್ತು, ಅದನ್ನು ತಂದ ಕಲಹಪ್ರಿಯ, ಹೆಚ್ಚು ಯಾರೆಂಬ ಹಟ ಇಷ್ಟೂ ಎರಡರಲ್ಲಿವೆ. ಸೇಬಿನ ಜಗಳ ಟ್ರಾಯ್ ನಗರ ಸುಟ್ಟು ಮುಗಿಯಿತು. ನಮ್ಮಲ್ಲಿ ಕೃಷ್ಣ ಕೊರವಂಜಿಯ ವೇಷ ತೊಟ್ಟು ಹೆಂಡತಿಯ ಬಾಗಿಲಿಗೆ ಬಂದು ಕಣಿ ಹೇಳಿದ. ಜ್ಯೂಸ್ ವೇಷ ಹಾಕಿದ್ದು ಪರಹೆಣ್ಣುಗಳನ್ನು ಮರುಳುಗೊಳಿಸಲು. ಕೃಷ್ಣ ಹಾಕಿದ್ದು ಮುನಿದ ಸತಿಯನ್ನು ಒಲಿಸಲು. ಇಡೀ ರಾತ್ರಿ ಕುಳಿತು ನೋಡುವ ಹಳ್ಳಿಯ ಗಂಡಹೆಂಡಿರಿಗೆ ಆ ದೇವರು ತಮ್ಮ ಮನೆಯವನಾಗಿ ಕಂಡ.

ವಸ್ತುಗಳ ಸಾಕ್ಷಿ

ಪ್ರಾಚೀನ ಲೋಕದ ಒಬ್ಬ ದೇವರು ನಿಜವಾಗಿ ಈ ಸೀಮೆಯ ಹತ್ತಿರಕ್ಕೆ ಬಂದಿದ್ದ. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ಎರಡು ತಾಸಿನೊಳಗೆ ಸಿಗುವ ಕೊಲ್ಹಾಪುರದಲ್ಲಿ, ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ, 1940ರ ದಶಕದಲ್ಲಿ ಗ್ರೀಕ್ ಕಡಲದೇವರು ಪೊಸೈಡನ್‌ನ ಸಣ್ಣ ಕಂಚಿನ ಮೂರ್ತಿ ಸಿಕ್ಕಿತು. ಸಾತವಾಹನರ ಕಾಲದಲ್ಲಿ ರೋಮಿನೊಡನೆ ನಡೆದ ವ್ಯಾಪಾರದಲ್ಲಿ ಬಂದ ಮಾಲು ಅದು. ಪೊಸೈಡನ್‌ನ ಆಯುಧವೂ ತ್ರಿಶೂಲ. ಆದರೂ ಅವನಿಂದ ಶಿವನಿಗಾಗಲಿ, ಶಿವನಿಂದ ಅವನಿಗಾಗಲಿ ತ್ರಿಶೂಲ ಬಂತೆಂದು ಹೇಳಲು ಆಧಾರವಿಲ್ಲ. ಅವನದು ಮೀನು ಚುಚ್ಚುವ ಈಟಿಯ ಬಳಗದ್ದೆಂದು ಎಣಿಸುತ್ತಾರೆ. ಮೂರ್ತಿ ಬಂತು, ಪೂಜೆ ಬರಲಿಲ್ಲ. ವಸ್ತು ಪ್ರಯಾಣ ಮಾಡಿದ ಮಾತ್ರಕ್ಕೆ ದೇವರು ಪ್ರಯಾಣ ಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ಕಡೆ ಇನ್ನೊಂದಿಲ್ಲ.

ಗೋಕಾಕ ಜಲಪಾತದಿಂದ ದೂರವಿಲ್ಲದ ಕೊಣ್ಣೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಲುಸಮಾಧಿಗಳಿವೆ. ಇಂಥ ಕಲ್ಲುಮನೆಗಳನ್ನು ಕರ್ನಾಟಕದ ಹಲವೆಡೆ ಪಾಂಡವರ ಮನೆ, ಮೋರಿಯರ ಮನೆ ಎನ್ನುವುದು ವಾಡಿಕೆ. ಮೈಸೀನಿಯ ದೈತ್ಯ ಗೋಡೆಗಳನ್ನು ಗ್ರೀಕರು ಒಕ್ಕಣ್ಣಿನ ಸೈಕ್ಲೋಪರು ಕಟ್ಟಿದರೆಂದರು. ಕಟ್ಟಿದವರನ್ನು ಮರೆತ ಮೇಲೆ ಕಲ್ಲಿಗೆ ಪುರಾಣವೇ ವಾರಸುದಾರ.

ಈ ಹೋಲಿಕೆಗಳಲ್ಲಿ ಎಲ್ಲಕ್ಕಿಂತ ದುರ್ಬಲವಾಗಿರುವುದು ನಮ್ಮ ಕಡೆಯ ದಾಖಲೆ. ಅಡೋನಿಸ್‌ನ ಮಡಕೆಯ ತೋಟದ ಬಗ್ಗೆ ಎರಡು ಸಾವಿರ ವರ್ಷದ ಹಿಂದಿನ ಬರಹ ಸಿಗುತ್ತದೆ. ಪಕ್ಕದ ಊರಿನಲ್ಲಿ ಜೋಕುಮಾರನನ್ನು ಕೊಂದವರು ಅಗಸರೋ ತಳವಾರರೋ, ಗುಳ್ಳವ್ವನ ಸುತ್ತ ಯಾವ ಕೋಟೆ ಕಟ್ಟುತ್ತಾರೆ, ಗುರ್ಜಿಯನ್ನು ಈಗ ಯಾರು ಹೊರುತ್ತಾರೆ ಎಂಬುದು ಬರಹಕ್ಕಿಳಿದಿರುವುದು ಕೆಲವೇ ಊರುಗಳಿಂದ. ಉಳಿದದ್ದು ಬುಟ್ಟಿ ಹೊತ್ತು ಹಾಡುವ ಹಿರಿಯ ಹೆಂಗಸರ ನೆನಪಿನಲ್ಲಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಓದುಗರು ತಮ್ಮ ಊರಿನ ಜೋಕುಮಾರನ ಕತೆಯನ್ನು ಊರ ಹೆಸರು, ಹಾಡಿದವರ ವಯಸ್ಸು, ಬುಟ್ಟಿ ಹೊರುವ ಮನೆತನದ ಕಸುಬು ಇಷ್ಟನ್ನೂ ಸೇರಿಸಿ ಈ ಭಾದ್ರಪದದಲ್ಲೇ ಬರೆದಿಡಬೇಕು.